ಡಾಕ್ಟರ ನಂಬರ್ ಸಿಗದೆ ಪರದಾಡುವವರಿಗೆ: ಮೈಸೂರು, ಮಂಡ್ಯದ ಮಟ್ಟಿಗೆ ಒಂದು ಸಮಗ್ರ ಮಾರ್ಗದರ್ಶಿ

"ಇವತ್ತಿನ ನಂಬರ್ ಮುಗೀತು, ನಾಳೆ ಬೆಳಿಗ್ಗೆ ಫೋನ್ ಮಾಡಿ." ಮೈಸೂರಿನ ಸರಸ್ವತಿಪುರಂನಲ್ಲಿ ಕೇಳಿದರೂ ಇದೇ ಉತ್ತರ, ಮಂಡ್ಯದ ಅಶೋಕನಗರದಲ್ಲಿ ಕೇಳಿದರೂ ಇದೇ. ಬೆಳಿಗ್ಗೆ ಮಾಡಿದರೆ ಫೋನ್ ಎಂಗೇಜ್, ಎಂಗೇಜ್ ಬಿಡುವಷ್ಟರಲ್ಲಿ ನಂಬರ್ ಖಾಲಿ.

ಹೀಗಾಗಲು ಕಾರಣ ಸರಳ. ಹೆಸರು ಮಾಡಿದ ತಜ್ಞರಲ್ಲಿ ಬಹಳಷ್ಟು ಮಂದಿ ಹಗಲು ಹೊತ್ತು ಮೆಡಿಕಲ್ ಕಾಲೇಜಿನಲ್ಲೋ ದೊಡ್ಡ ಆಸ್ಪತ್ರೆಯಲ್ಲೋ ಇರುತ್ತಾರೆ. ಸ್ವಂತ ಕ್ಲಿನಿಕ್‌ಗೆ ಬರುವುದು ಸಂಜೆ ಐದೂವರೆ, ಆರರ ಮೇಲೆ. ಅಲ್ಲಿಂದ ಎಂಟೂವರೆಯ ತನಕ ಹಿಡಿದರೂ, ತಲೆಗೆ ಎಂಟು ನಿಮಿಷದಂತೆ ನೋಡಿದರೆ 20 ಜನರ ಆಸುಪಾಸು. ಆ ಇಪ್ಪತ್ತರಲ್ಲಿ ಮೂರು ದಿನದ ಜ್ವರದವರು, ಬಿಪಿ ಮಾತ್ರೆ ಮುಂದುವರಿಸಬೇಕಾ ಎಂದು ಕೇಳಲು ಬಂದವರು, ತಪ್ಪು ವಿಭಾಗಕ್ಕೆ ಬಂದವರು ಎಲ್ಲರೂ ಸೇರಿರುತ್ತಾರೆ. ನಿಜವಾಗಿ ತಜ್ಞರೇ ಬೇಕಾದವರು ಹೊರಗೆ ಉಳಿಯುತ್ತಾರೆ.

ಹಾಗಾಗಿ ನಂಬರ್ ಹಿಡಿಯುವ ಉಪಾಯಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೆ ಇದೆ: ಮನೆ ಹತ್ತಿರ ಒಬ್ಬ ಸಾಮಾನ್ಯ ಡಾಕ್ಟರನ್ನು ಗೊತ್ತು ಮಾಡಿಕೊಳ್ಳುವುದು. ಅವರ ಬಳಿಯೇ ಹೆಚ್ಚಿನ ಕಾಯಿಲೆ ಮುಗಿಯುತ್ತದೆ. ಮುಗಿಯದಿದ್ದಾಗ ಅವರು ಬರೆದುಕೊಡುವ ಚೀಟಿ, ಮಾಡಿಸಿಟ್ಟ ಪರೀಕ್ಷೆ, ಕೆಲವೊಮ್ಮೆ ಅವರದೇ ಒಂದು ಫೋನು ತಜ್ಞರ ಬಾಗಿಲು ತೆಗೆಸುತ್ತದೆ.

ನಂಬರ್‌ಗೆ ಕಾಯಲೇಬಾರದ ಸಂದರ್ಭಗಳು

ಎದೆ ಹಿಂಡಿದ ಹಾಗೆ ನೋವು ಬಂದು ಬೆವರುವುದು, ನೋವು ಎಡಗೈಗೋ ದವಡೆಗೋ ಹರಿಯುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಕಾಲಿನ ಬಲ ಹೋಗುವುದು, ಮಾತು ತೊದಲುವುದು, ಉಸಿರು ಸಿಗದಿರುವುದು, ಫಿಟ್ಸ್, ಗರ್ಭಿಣಿಗೆ ರಕ್ತಸ್ರಾವ, ಹಾವು ಕಡಿತ, ವಿಷ ಸೇವನೆ. ಇಂಥ ಹೊತ್ತಿನಲ್ಲಿ ಗೊತ್ತಿರುವ ಡಾಕ್ಟರ ಕ್ಲಿನಿಕ್‌ಗೂ ಹೋಗಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ನೇರವಾಗಿ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಲಕ್ವ ಹೊಡೆದಾಗ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಧಿ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಇಲ್ಲದ ನರ್ಸಿಂಗ್ ಹೋಂನಲ್ಲಿ ಡ್ರಿಪ್ ಹಾಕಿಸಿಕೊಂಡು ಕೂತರೆ ಆ ಹೊತ್ತು ಅಲ್ಲೇ ಕರಗಿಹೋಗುತ್ತದೆ. ಎದೆನೋವಿಗೆ ಮೈಸೂರಿನವರಿಗೆ ಕೆ.ಆರ್.ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ತಾಲ್ಲೂಕುಗಳಲ್ಲಿರುವವರು ಅಷ್ಟು ದೂರ ಓಡುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿಯನ್ನು ಹೃದ್ರೋಗ ಕೇಂದ್ರದ ತಜ್ಞರಿಗೆ ಕಳಿಸಿ ನೋಡಿಸುವ, ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಗದ್ದೆ, ಕಬ್ಬಿನ ತೋಟದಲ್ಲಿ ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ನಾಟಿ ಔಷಧಿಗೆ ಕಾಯಬೇಡಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡಿಸದೆ, ಉಂಗುರ ಕಾಲುಂಗುರ ತೆಗೆದು, ಪ್ರತಿವಿಷ ಇರುವ ಸರ್ಕಾರಿ ಆಸ್ಪತ್ರೆಗೆ ಹೋಗಿ.

ತುರ್ತು ಸ್ಥಿತಿಯಲ್ಲಿ ಮುಂಗಡ ಹಣ ಕಟ್ಟಿಲ್ಲವೆಂದು ಖಾಸಗಿ ಆಸ್ಪತ್ರೆ ಪ್ರಥಮ ಚಿಕಿತ್ಸೆ ನಿರಾಕರಿಸುವಂತಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ಇದನ್ನೇ ಹೇಳುತ್ತದೆ.

ಮನೆ ಡಾಕ್ಟರನ್ನು ಆರಿಸುವುದು

ಹುಷಾರಾಗಿರುವಾಗಲೇ ಮಾಡಬೇಕಾದ ಕೆಲಸ ಇದು. ಜ್ವರ 103 ಇರುವಾಗ ಯಾರೂ ಬೋರ್ಡ್ ಓದುವುದಿಲ್ಲ.

ಮೊದಲಿಗೆ ದೂರ ನೋಡಿ. ಮನೆಯ ಹಿರಿಯರು ಒಬ್ಬರೇ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರವಿರಬೇಕು, ಮೆಟ್ಟಿಲು ಕಡಿಮೆ ಇರಬೇಕು. ಮೊದಲ ಮಹಡಿಯಲ್ಲಿ ಲಿಫ್ಟ್ ಇಲ್ಲದ ಕ್ಲಿನಿಕ್ ಮಂಡಿನೋವಿನ ಅಜ್ಜಿಗೆ ಎಷ್ಟು ಒಳ್ಳೆಯ ಡಾಕ್ಟರಿದ್ದರೂ ಉಪಯೋಗವಿಲ್ಲ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಸಿಗುವವರಾದರೆ ಮೇಲು. ಕೆಲಸಕ್ಕೆ ಹೋಗುವವರಿಗೆ ಸಂಜೆಯೇ ಗತಿ.

ಆಮೇಲೆ ಓದು ಮತ್ತು ನೋಂದಣಿ. ಸಾಮಾನ್ಯ ಡಾಕ್ಟರಿಗೆ ಎಂಬಿಬಿಎಸ್ ಸಾಕು. ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಅಥವಾ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಇದ್ದರೆ ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಇರುವ ಮನೆಗೆ ಇನ್ನೂ ಅನುಕೂಲ. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್‌ನಲ್ಲಿ ಪ್ರದರ್ಶಿಸಬೇಕು, ಔಷಧಿ ಚೀಟಿಯಲ್ಲೂ ರಸೀದಿಯಲ್ಲೂ ಹಾಕಬೇಕು ಎಂಬುದು 2002ರಿಂದ ಇರುವ ವೃತ್ತಿ ನಿಯಮ. ಆ ಸಂಖ್ಯೆ ಸಿಕ್ಕರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಿ ತಾಳೆ ನೋಡಬಹುದು. ಕ್ಲಿನಿಕ್‌ಗೆ ಪ್ರತ್ಯೇಕವಾಗಿ ಕೆಪಿಎಂಇ ನೋಂದಣಿ ಇರಬೇಕು, ಪ್ರಮಾಣಪತ್ರವೂ ದರಪಟ್ಟಿಯೂ ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು. ಅಲೋಪಥಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಎಂದು ಆರೋಗ್ಯ ಇಲಾಖೆ ಸೂಚಿಸಿರುವುದೂ ಗುರುತು ಹಿಡಿಯಲಿ ಎಂದೇ. ಆಯುರ್ವೇದವೇ ಬೇಕೆಂದರೆ ಆ ಪದ್ಧತಿ ಓದಿದವರ ಬಳಿ ಆ ಪದ್ಧತಿಗಾಗಿಯೇ ಹೋಗಿ. ಮೈಸೂರಿನಲ್ಲಿ ಸರ್ಕಾರಿ ಆಯುರ್ವೇದ ಕಾಲೇಜು ಆಸ್ಪತ್ರೆಯೇ ಇದೆ. ಹೆಸರಿನ ಮುಂದೆ ಬರೀ "ಡಾ." ಎಂದಿದ್ದು, ಏನು ಓದಿದ್ದಾರೆ ಎಂದು ಎಲ್ಲೂ ಬರೆಯದ ಅಂಗಡಿಗಳು ಹಳ್ಳಿ ಸರ್ಕಲ್‌ಗಳಲ್ಲಿ ಇನ್ನೂ ಇವೆ. ಅಲ್ಲಿಗೆ ಹೋಗಬೇಡಿ, ಅಷ್ಟೇ.

ಕಾಗದಪತ್ರ ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಒಂದು ಸಣ್ಣ ತೊಂದರೆಗೆ ಹೋಗಿ ನೋಡಿ. ಶೀತ ಕೆಮ್ಮು, ಬಿಪಿ ತಪಾಸಣೆ ಏನಾದರೂ ಸರಿ. ಹೋದಾಗ ಇಷ್ಟು ಗಮನಿಸಿ:

1. ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಯಾವ ಔಷಧಿ ಒಗ್ಗುವುದಿಲ್ಲ ಎಂದು ಕೇಳಿದರೇ? ಕೇಳದೆ ಬರೆಯುವವರು ಎರಡು ಔಷಧಿ ಒಂದಕ್ಕೊಂದು ಹೊಡೆದಾಡುವುದನ್ನು ಹೇಗೆ ತಡೆದಾರು?
2. ಮುಟ್ಟಿ ನೋಡಿದರೇ? ಬಿಪಿಯನ್ನು ಕೂರಿಸಿ, ಐದು ನಿಮಿಷ ಸುಧಾರಿಸಿಕೊಳ್ಳಲು ಬಿಟ್ಟು ನೋಡಬೇಕು. ಮೆಟ್ಟಿಲು ಹತ್ತಿ ಬಂದ ತಕ್ಷಣ ನೋಡಿದ ಬಿಪಿಗೆ ಮಾತ್ರೆ ಶುರುಮಾಡುವುದು ಆತುರ.
3. ಔಷಧಿಯನ್ನು ಹೆಸರಿರುವ ಚೀಟಿಯಲ್ಲಿ ಬರೆದುಕೊಟ್ಟರೇ, ಅಥವಾ ಡಬ್ಬಿಯಿಂದ ಬಿಡಿ ಮಾತ್ರೆ ತೆಗೆದು ಪೊಟ್ಟಣ ಕಟ್ಟಿದರೇ?
4. ನಾಳೆ ಜಾಸ್ತಿಯಾದರೆ ಏನು ಮಾಡಬೇಕು, ಯಾವಾಗ ಮತ್ತೆ ಬರಬೇಕು ಎಂದು ಹೇಳಿದರೇ?
5. ಅವರು ರಜೆ ಹಾಕಿದಾಗ ಯಾರನ್ನು ನೋಡಬೇಕು ಎಂದು ಕೇಳಿದರೆ ಉತ್ತರ ಇದೆಯೇ?

ಮೂರನೆಯದನ್ನು, ಅದರ ಜೊತೆ ಸೂಜಿಯ ವಿಷಯವನ್ನೂ, ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ "ಅವರ ಕೈಗುಣ ಚೆನ್ನಾಗಿದೆ, ಒಂದೇ ಸೂಜಿಗೆ ಎದ್ದು ಓಡಾಡಿಸಿಬಿಡ್ತಾರೆ" ಎಂಬ ಮಾತು ಡಾಕ್ಟರಿಗೆ ದೊಡ್ಡ ಬಿರುದು. ಹಾಗೆ ಥಟ್ಟನೆ ನೋವು, ಜ್ವರ ಇಳಿಸುವ ಸೂಜಿಯಲ್ಲಿ ಸ್ಟೆರಾಯ್ಡ್ ಇರುವ ಸಂಭವವುಂಟು. ಸಕ್ಕರೆ ಕಾಯಿಲೆಯವರಲ್ಲಿ ಅದು ಸಕ್ಕರೆಯನ್ನು ಏರಿಸುತ್ತದೆ. ಪದೇ ಪದೇ ಹಾಕಿಸಿಕೊಂಡರೆ ಮೂಳೆ ಸವೆಯುತ್ತದೆ. ಪೊಟ್ಟಣದ ಮಾತ್ರೆಯಲ್ಲಿ ಏನಿತ್ತೆಂದು ಮುಂದೆ ತಜ್ಞರು ಕೇಳಿದರೆ "ಒಂದು ಬಿಳಿ, ಒಂದು ಹಳದಿ" ಎಂದಷ್ಟೇ ಹೇಳಬೇಕಾಗುತ್ತದೆ. ಬಾಯಲ್ಲಿ ಕುಡಿಯಲು ಆಗುವವರಿಗೆ ಸುಸ್ತೆಂದು ಗ್ಲೂಕೋಸ್ ಬಾಟಲಿ ಏರಿಸುವುದೂ ಇದೇ ಜಾತಿಯದು. ಅರ್ಧ ಲೀಟರಿನ ಶೇಕಡಾ 5ರ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಸುಮಾರು 100 ಕ್ಯಾಲೊರಿ. ಎರಡು ಇಡ್ಲಿ ತಿಂದರೆ ಅದಕ್ಕಿಂತ ಕಡಿಮೆಯೇನೂ ಸಿಗುವುದಿಲ್ಲ.

ಇನ್ನೊಂದು ಪರೀಕ್ಷೆ ಎಂದರೆ, "ಇದಕ್ಕೆ ತಜ್ಞರನ್ನು ನೋಡಬೇಕಾ ಸರ್?" ಎಂದು ಕೇಳುವುದು. ಸಿಡುಕದೆ, ಬೇಕು ಅಥವಾ ಬೇಡ ಎಂದು ಕಾರಣ ಕೊಟ್ಟು ಹೇಳುವವರನ್ನು ಬಿಡಬೇಡಿ. ತಮಗೆ ಗೊತ್ತಾಗದ್ದನ್ನು ಬೇಗ ಕಳಿಸುವ ಡಾಕ್ಟರು, ಎಲ್ಲವನ್ನೂ ತಾವೇ ಹಿಡಿದಿಟ್ಟುಕೊಳ್ಳುವವರಿಗಿಂತ ಎಷ್ಟೋ ವಾಸಿ.

ಖಾಸಗಿ ಫೀಸು ಕಷ್ಟವಾದರೆ ನಗರದಲ್ಲಿ ನಮ್ಮ ಕ್ಲಿನಿಕ್, ಹಳ್ಳಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಇವೆ. 2022ರ ಕೊನೆಯಲ್ಲಿ ರಾಜ್ಯದಾದ್ಯಂತ ಶುರುವಾದ ನಮ್ಮ ಕ್ಲಿನಿಕ್‌ನಲ್ಲಿ ಎಂಬಿಬಿಎಸ್ ಡಾಕ್ಟರು, ನರ್ಸ್, ಲ್ಯಾಬ್ ಟೆಕ್ನಿಷಿಯನ್ ಇರುತ್ತಾರೆ. ತಪಾಸಣೆ, ಮಾತ್ರೆ, ಮೂಲ ರಕ್ತಪರೀಕ್ಷೆ ಉಚಿತ. ಬಿಪಿ, ಶುಗರ್ ಮಾತ್ರೆ ತಿಂಗಳು ತಿಂಗಳು ಬೇಕಾದವರು ಅಲ್ಲೇ ಹೆಸರು ಬರೆಸಿಕೊಂಡರೆ ಔಷಧಿ ಖರ್ಚು ಉಳಿಯುತ್ತದೆ. ಇಲ್ಲಿಯ ಕೊರತೆಯೆಂದರೆ ಡಾಕ್ಟರ ಬದಲಾವಣೆ, ವರ್ಗಾವಣೆ. ಅದಕ್ಕೆ ನಿಮ್ಮ ಚಿಕಿತ್ಸೆಯ ಪುಸ್ತಕವನ್ನು ನೀವೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಯಾವ ಕೇಂದ್ರ ನಿಮಗೆ ಸೇರಿದ್ದು ಎಂದು ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಅವರೇ ಹೇಳುತ್ತಾರೆ.

ತಜ್ಞರ ನಂಬರ್ ಹಿಡಿಯುವುದು

ಕ್ಲಿನಿಕ್‌ಗಳು ನಂಬರ್ ಕೊಡುವ ಕ್ರಮ ಮೂರು ಬಗೆ. ಕೆಲವರು ಬೆಳಿಗ್ಗೆ ಒಂದು ಗೊತ್ತಾದ ಹೊತ್ತಿಗೆ ಫೋನ್ ತೆರೆದು ಆ ದಿನದ್ದನ್ನು ಮಾತ್ರ ಬರೆದುಕೊಳ್ಳುತ್ತಾರೆ. ಕೆಲವರು ವಾರ, ಹದಿನೈದು ದಿನ ಮುಂಚೆಯೇ ಬರೆಯುತ್ತಾರೆ. ಇನ್ನು ಕೆಲವು ಕಡೆ ಫೋನೇ ಇಲ್ಲ, ಬಂದು ಹೆಸರು ಬರೆಸಬೇಕು. ನಿಮ್ಮ ತಜ್ಞರದು ಯಾವುದು ಎಂದು ತಿಳಿಯದೆ ಹತ್ತು ಸಲ ಫೋನ್ ಮಾಡುವುದು ವ್ಯರ್ಥ. ಮೊದಲ ಕರೆಯಲ್ಲೇ ನಂಬರ್ ಕೇಳುವ ಬದಲು ಕ್ರಮವನ್ನೇ ಕೇಳಿ: "ಮೇಡಂ, ನಂಬರ್ ಯಾವ ದಿನ, ಎಷ್ಟು ಗಂಟೆಗೆ ಕೊಡ್ತೀರಿ? ರಿಪೋರ್ಟ್ ತೋರಿಸೋಕೆ ಬೇರೆ ನಂಬರ್ ಬೇಕಾ?"

ಫೋನ್ ಸಿಕ್ಕಾಗ ಹೇಳಬೇಕಾದದ್ದು ನಾಲ್ಕು ಮಾತು: ರೋಗಿಯ ವಯಸ್ಸು, ಮುಖ್ಯ ತೊಂದರೆ, ಎಷ್ಟು ದಿನದಿಂದ, ಯಾರು ಕಳಿಸಿದ್ದು. "ನಮ್ಮ ತಂದೆಗೆ 68 ವರ್ಷ, ಶುಗರ್ ಇದೆ, ಕಾಲಿನ ಬೆರಳು ಹತ್ತು ದಿನದಿಂದ ಕಪ್ಪಾಗ್ತಿದೆ, ನಮ್ಮ ಡಾಕ್ಟರು ಸರ್ಜನ್‌ಗೆ ತೋರಿಸಿ ಅಂತ ಚೀಟಿ ಕೊಟ್ಟಿದ್ದಾರೆ" ಎಂದರೆ ಕೂತವರಿಗೂ ಇದು ತಡೆಯದ ಕೇಸು ಎಂದು ಗೊತ್ತಾಗುತ್ತದೆ. "ಸ್ವಲ್ಪ ಅರ್ಜೆಂಟು" ಎಂದು ಎಲ್ಲರೂ ಹೇಳುವುದರಿಂದ ಆ ಮಾತಿಗೆ ಬೆಲೆಯಿಲ್ಲ. ಕಾಂಪೌಂಡರೋ ರಿಸೆಪ್ಷನ್ ಹುಡುಗಿಯೋ ಡಾಕ್ಟರಲ್ಲ, ಆದರೆ ಯಾರನ್ನು ನಡುವೆ ಬಿಡಬೇಕೆಂದು ಒಳಗೆ ಹೋಗಿ ಕೇಳುವವರು ಅವರೇ. ಅವರ ಮೇಲೆ ಕೂಗಾಡಿ ಕೆಲಸ ಸಾಧಿಸಿದವರು ಕಡಿಮೆ.

ನಂಬರ್ ಸಿಗದಿದ್ದರೆ "ಯಾರಾದರೂ ಕ್ಯಾನ್ಸಲ್ ಮಾಡಿದರೆ ಅರ್ಧ ಗಂಟೆಯಲ್ಲಿ ಬರ್ತೀವಿ" ಎಂದು ಹೆಸರು, ಮೊಬೈಲ್ ಕೊಟ್ಟಿಡಿ. ಹತ್ತಿರದಲ್ಲಿರುವವರಿಗೆ ಇದು ಹೆಚ್ಚಾಗಿ ಫಲಿಸುತ್ತದೆ. ಮಳವಳ್ಳಿಯಿಂದ ಮೈಸೂರಿಗೆ ಬರಬೇಕಾದವರಿಗೆ ಅಷ್ಟಾಗಿ ಆಗದು. ದೂರದವರು ಇನ್ನೊಂದು ದಾರಿ ನೋಡಬೇಕು: ಮೈಸೂರು, ಬೆಂಗಳೂರಿನ ತಜ್ಞರು ವಾರಕ್ಕೊಂದು ದಿನವೋ ತಿಂಗಳಿಗೆರಡು ಸಲವೋ ಮಂಡ್ಯ ಮತ್ತು ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಂಗಳಿಗೆ ಬರುತ್ತಾರೆ. ನಿಮ್ಮೂರಿನ ಮೆಡಿಕಲ್ ಸ್ಟೋರ್‌ನವರಿಗೆ ಯಾವ ಡಾಕ್ಟರು ಯಾವತ್ತು ಬರುತ್ತಾರೆಂಬುದು ಬಾಯಿಪಾಠ.

ಸೋಮವಾರ ಎಲ್ಲ ಕಡೆ ನೂಕುನುಗ್ಗಲು. ಹಬ್ಬ ಮುಗಿದ ಮರುದಿನ ಇನ್ನೂ ಜಾಸ್ತಿ. ಮೈಸೂರಿನಲ್ಲಿ ದಸರೆಯ ಕೊನೆಯ ದಿನಗಳಲ್ಲಿ ಅರಮನೆ ಸುತ್ತಿನ ರಸ್ತೆಗಳಲ್ಲಿ ವಾಹನ ಸಂಚಾರ ತಿರುಗಿಸಿರುತ್ತಾರೆ, ಕೆ.ಆರ್. ಆಸ್ಪತ್ರೆಯೂ ಆ ಸುತ್ತಿನಲ್ಲೇ ಬರುವುದರಿಂದ ಆಗ ಬೇರೆ ದಿನ ಇಟ್ಟುಕೊಳ್ಳಿ. ಅಮಾವಾಸ್ಯೆ ದಿನ ಆಸ್ಪತ್ರೆಗೆ ಹೋಗಬಾರದೆಂದು ಹಿಂಜರಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ, ನಿಮಗೆ ಆ ನಂಬಿಕೆ ಇಲ್ಲದಿದ್ದರೆ ಅಂದು ಕೇಳಿ ನೋಡಿ.

ನಂಬರ್ ಸಿಕ್ಕಮೇಲೆ ಹೊತ್ತಿನ ಲೆಕ್ಕ. ಡಾಕ್ಟರು ಆರಕ್ಕೆ ಶುರು ಮಾಡಿ ಗಂಟೆಗೆ ಏಳು ಜನರನ್ನು ನೋಡುತ್ತಾರೆಂದರೆ 16ನೇ ನಂಬರ್ ಒಳಗೆ ಹೋಗುವುದು ಎಂಟರ ಮೇಲೆ. ನಡುವೆ ರಿಪೋರ್ಟ್ ತೋರಿಸುವವರು, ಮೆಡಿಕಲ್ ರೆಪ್‌ಗಳು, ಆಸ್ಪತ್ರೆಯಿಂದ ಬರುವ ಕರೆ ಎಲ್ಲ ಸೇರಿ ಅರ್ಧ ಗಂಟೆ ಕೂಡಿಸಿ. ಮನೆಯಿಂದ ಹೊರಡುವ ಮೊದಲು "ಈಗ ಎಷ್ಟನೇ ನಂಬರ್ ಓಡ್ತಿದೆ?" ಎಂದು ಕೇಳಿದರೆ ಲೆಕ್ಕ ಪಕ್ಕಾ ಆಗುತ್ತದೆ. ಕೂಗಿದಾಗ ಇಲ್ಲದಿದ್ದರೆ ಕೆಲವು ಕಡೆ ಕೊನೆಗೆ ತಳ್ಳುತ್ತಾರೆ. ಕೊನೆಯ ಬಸ್ಸಿಗೆ ಹಳ್ಳಿಗೆ ಹಿಂತಿರುಗಬೇಕಾದವರು ಅದನ್ನು ಬಂದ ತಕ್ಷಣ ಹೇಳಿ.

ದೊಡ್ಡಾಸ್ಪತ್ರೆಗೆ ಹೋಗುವವರಿಗೆ

ಮೈಸೂರಿನಲ್ಲಿ ಮೊದಲ ಎಡವಟ್ಟು ತಪ್ಪು ಆವರಣಕ್ಕೆ ಹೋಗುವುದು. ಸಾಮಾನ್ಯ ವಿಭಾಗಗಳು ನಗರದ ನಡುವಿನ ಕೆ.ಆರ್. ಆಸ್ಪತ್ರೆಯಲ್ಲಿ, ಹೆರಿಗೆ ಮತ್ತು ಮಕ್ಕಳ ವಿಭಾಗ ಚೆಲುವಾಂಬದಲ್ಲಿ, ಸೂಪರ್ ಸ್ಪೆಷಾಲಿಟಿ ಮತ್ತು ಟ್ರಾಮಾ ಕೇಂದ್ರ ಕೆ.ಆರ್.ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಆವರಣದಲ್ಲಿ, ಹೃದಯಕ್ಕೆ ಜಯದೇವ. ಮಗುವಿಗೆ ಮಾತು ಬಂದಿಲ್ಲ, ಕಿವಿ ಕೇಳಿಸುತ್ತಿಲ್ಲ ಎಂದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಮಂಡ್ಯದವರಿಗೆ ಮಿಮ್ಸ್, ನಾಗಮಂಗಲ ಕಡೆಯವರಿಗೆ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರ. ಎರಡೂ ಮೆಡಿಕಲ್ ಕಾಲೇಜುಗಳೇ, ಮೈಸೂರಿಗೇ ಓಡಬೇಕೆಂದಿಲ್ಲ.

ಎರಡನೆಯ ಎಡವಟ್ಟು ಯೂನಿಟ್ ದಿನ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮೆಡಿಸಿನ್, ಸರ್ಜರಿ, ಮೂಳೆ ವಿಭಾಗಗಳು ಹಲವು ಯೂನಿಟ್‌ಗಳಾಗಿ ಒಡೆದಿರುತ್ತವೆ. ಪ್ರತಿ ಯೂನಿಟ್‌ಗೂ ವಾರದಲ್ಲಿ ಗೊತ್ತಾದ ಓಪಿಡಿ ದಿನ, ಗೊತ್ತಾದ ಆಪರೇಷನ್ ದಿನ. ಮಂಗಳವಾರ ನೋಡಿದವರನ್ನು ಹುಡುಕಿಕೊಂಡು ಬುಧವಾರ ಹೋದರೆ ಬೇರೆ ಯೂನಿಟ್‌ನವರು ಮೊದಲಿನಿಂದ ವಿಚಾರಿಸುತ್ತಾರೆ, ಪರೀಕ್ಷೆ ಮತ್ತೆ ಬರೆಯುತ್ತಾರೆ. ಆದ್ದರಿಂದ ಮೊದಲ ದಿನವೇ ಚೀಟಿಯ ಮೇಲೆ ಯೂನಿಟ್ ಹೆಸರು, ಮತ್ತೆ ಬರಬೇಕಾದ ದಿನ ಬರೆಸಿಕೊಳ್ಳಿ.

ಅಂದಿನ ಕ್ರಮ ಹೀಗಿರಲಿ. ಆಧಾರ್, ರೇಷನ್ ಕಾರ್ಡಿನ ಮೂಲ ಮತ್ತು ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ. ಕೌಂಟರ್ ತೆರೆಯುವ ಮೊದಲೇ, ಎಂಟೂವರೆ ಹೊತ್ತಿಗೆ ಅಲ್ಲಿರಿ. ಮೊಬೈಲಿನಲ್ಲಿ 14 ಅಂಕಿಯ ಆಭಾ ಸಂಖ್ಯೆ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತು) ಮನೆಯಲ್ಲೇ ಮಾಡಿಟ್ಟುಕೊಂಡಿದ್ದರೆ, ಕ್ಯೂಆರ್ ಅಂಟಿಸಿರುವ ಆಸ್ಪತ್ರೆಗಳಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಹೆಸರು ವಿಳಾಸ ತಾನೇ ಹೋಗಿ ಟೋಕನ್ ಬರುತ್ತದೆ. ಓಪಿಡಿ ಚೀಟಿ ಮಾಡಿಸಿ ವಿಭಾಗಕ್ಕೆ ಹೋದಮೇಲೆ ಮೊದಲು ನೋಡುವವರು ಹೌಸ್ ಸರ್ಜನ್ ಅಥವಾ ಪಿಜಿ ವಿದ್ಯಾರ್ಥಿ. "ದೊಡ್ಡ ಡಾಕ್ಟರು ನೋಡಲಿಲ್ಲ" ಎಂದು ಬೇಸರಪಡಬೇಡಿ, ಅವರಿಗೆ ಪೂರ್ತಿ ಹೇಳಿದಷ್ಟೂ ದೊಡ್ಡವರ ಮುಂದೆ ಕೆಲಸ ಸಲೀಸು.

ಪರೀಕ್ಷೆಗೆ ರಕ್ತ ಕೊಡುವ ಕೌಂಟರ್ ಎಷ್ಟಕ್ಕೆ ಮುಚ್ಚುತ್ತದೆ ಎಂದು ಬಂದ ಕೂಡಲೇ ಕೇಳಿಟ್ಟುಕೊಳ್ಳಿ. ಡಾಕ್ಟರು ಹನ್ನೆರಡೂವರೆಗೆ ಬರೆದ ಪರೀಕ್ಷೆ ಅವತ್ತು ಆಗದೆ ಇನ್ನೊಂದು ದಿನದ ಕೂಲಿ ಹೋಗುವುದು ಇಲ್ಲೇ. ಮನೆ ಡಾಕ್ಟರು ಮುಂಚೆಯೇ ಮಾಡಿಸಿದ ಇತ್ತೀಚಿನ ಪರೀಕ್ಷೆ ಕೈಯಲ್ಲಿದ್ದರೆ ಎಷ್ಟೋ ಸಲ ಈ ಎರಡನೇ ದಿನವೇ ಉಳಿಯುತ್ತದೆ. ಖಾಲಿ ಹೊಟ್ಟೆಯ ಶುಗರ್‌ಗೆ 8 ಗಂಟೆ ಏನೂ ತಿನ್ನಬಾರದು, ನೀರು ಕುಡಿಯಬಹುದು. ಊಟದ ನಂತರದ್ದಕ್ಕೆ ತಿನ್ನಲು ಶುರು ಮಾಡಿದ ಹೊತ್ತಿನಿಂದ 2 ಗಂಟೆ ಎಣಿಸಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಗೆ ಉಪವಾಸ ಬೇಡ. ಹೊಟ್ಟೆ ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆ, ಕೆಳಹೊಟ್ಟೆಗಾದರೆ ಮೂತ್ರ ತುಂಬಿರಬೇಕು.

ಕಾರ್ಡು, ರೆಫರಲ್

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ಸರ್ಕಾರದ್ದು, ವರ್ಷದ ಮಿತಿ 1.5 ಲಕ್ಷ. ಜನ ಸಿಕ್ಕಿಹಾಕಿಕೊಳ್ಳುವುದು ಒಂದೇ ಕಡೆ: ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಮೊದಲು ಅಡ್ಮಿಟ್ ಆಗಿ, ಆಮೇಲೆ ಚೀಟಿ ತರುತ್ತೇವೆಂದರೆ ನಡೆಯುವುದು ಕಷ್ಟ. ಹೋಗುವ ಆಸ್ಪತ್ರೆ ಆ ಚಿಕಿತ್ಸೆಗೆ ನೋಂದಾಯಿತವೇ ಎಂದು ಅಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕೇಳಿ. ಸಹಕಾರ ಸಂಘದ ಸದಸ್ಯರಾದ ರೈತರು ಯಶಸ್ವಿನಿ ಆರೋಗ್ಯ ಯೋಜನೆಗೆ ನೋಂದಣಿ ಅವಧಿಯಲ್ಲೇ ಹಣ ಕಟ್ಟಿರಬೇಕು. ಕಾಯಿಲೆ ಬಂದಮೇಲೆ ಕಟ್ಟಿ ಪ್ರಯೋಜನವಿಲ್ಲ.

ಫೈಲ್

ಮನೆಯವರಿಗೆ ತಲೆಗೊಂದರಂತೆ ಪ್ಲಾಸ್ಟಿಕ್ ಫೈಲ್ ಮಾಡಿ. ಹೊಸದು ಮೇಲೆ, ಹಳೆಯದು ಕೆಳಗೆ. ಮೊದಲ ಹಾಳೆಯಲ್ಲಿ ಕಾಯಿಲೆಗಳು, ಆದ ಆಪರೇಷನ್‌ಗಳು, ಒಗ್ಗದ ಔಷಧಿ, ಈಗಿನ ಮಾತ್ರೆಗಳ ಹೆಸರು ಮತ್ತು ಮಿಲಿಗ್ರಾಂ. ಮಾತ್ರೆಯ ಸ್ಟ್ರಿಪ್‌ಗಳನ್ನೂ ಒಯ್ಯಿರಿ, ಕತ್ತರಿಸಿ ಹೆಸರು ಹೋದ ತುಂಡುಗಳನ್ನಲ್ಲ. ಇಸಿಜಿಯ ಕಾಗದದ ಗೆರೆಗಳು ಕೆಲವು ತಿಂಗಳಲ್ಲಿ ಮಾಸುತ್ತವೆ, ಬಂದ ದಿನವೇ ಜೆರಾಕ್ಸ್ ಮಾಡಿಸಿ. ಆಸ್ಪತ್ರೆಯಲ್ಲಿ ಸೇರಿದ್ದವರು ದಾಖಲೆ ಕೇಳಿ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಡಿಸ್ಚಾರ್ಜ್ ಸಮ್ಮರಿ ಇಲ್ಲದೆ ಬಂದವರು ಅದನ್ನು ಬಳಸಿಕೊಳ್ಳಿ.

ಎಲ್ಲೂ ಆಗದಿದ್ದರೆ

104ಕ್ಕೆ ಕರೆ ಮಾಡಿದರೆ ಆರೋಗ್ಯ ಸಹಾಯವಾಣಿ ಸಿಗುತ್ತದೆ; ಮನಸ್ಸಿನ ತೊಂದರೆಗೆ 14416, ಟೆಲಿ ಮಾನಸ್. ಇ-ಸಂಜೀವಿನಿಯಲ್ಲಿ ಮನೆಯಿಂದಲೇ ವಿಡಿಯೊದಲ್ಲಿ ಸರ್ಕಾರಿ ಡಾಕ್ಟರನ್ನು ಕಾಣಬಹುದು. ಚರ್ಮದ ತುರಿಕೆ, ರಿಪೋರ್ಟ್ ಓದಿಸುವುದು, ಮಾತ್ರೆ ಮುಂದುವರಿಕೆ ಇಷ್ಟಕ್ಕೆ ಚೆನ್ನ. ಹೊಟ್ಟೆನೋವಿನಂಥ, ಕೈಯಿಟ್ಟು ನೋಡಲೇಬೇಕಾದದ್ದಕ್ಕೆ ಬೇಡ. ಹಳ್ಳಿಗಳಲ್ಲಿ ಉಪಕೇಂದ್ರದ ಆರೋಗ್ಯ ಅಧಿಕಾರಿಯೇ ತಮ್ಮ ಟ್ಯಾಬ್‌ನಿಂದ ಸಂಪರ್ಕ ಮಾಡಿಸುತ್ತಾರೆ.

ದರಪಟ್ಟಿಗಿಂತ ಹೆಚ್ಚು ವಸೂಲಿ, ತುರ್ತಿನಲ್ಲಿ ನಿರಾಕರಣೆ, ನೋಂದಣಿಯಿಲ್ಲದ ಕ್ಲಿನಿಕ್ ಇಂಥವುಗಳ ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ. ಅರ್ಜಿಯನ್ನು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೊಡಬಹುದು. ಬಿಲ್, ಚೀಟಿಯ ಜೆರಾಕ್ಸ್ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಂಡೇ ಹೊರಬನ್ನಿ.